ರೋಮಿನ ಬಾಗಿಲಲ್ಲಿ ಅಪ್ಪ

ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಒಂದು ಲೋಟ ಮಜ್ಜಿಗೆ ಕುಡಿದು, ನಮ್ಮ ಅಪ್ಪ ರೋಮ್ ನಗರವನ್ನು ಸುಡಲು ಹೊರಟರು. ತಡೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇದು ನಡೆದದ್ದು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ನಮ್ಮ ಕರಾವಳಿಯವರ ಸಂಘದ ಹಾಲಿನಲ್ಲಿ. ಆವತ್ತಿನ ಕತೆಯನ್ನು ಸಂಘದವರು ಈಗಲೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ, ಆದರೆ ತಪ್ಪಾಗಿ ಹೇಳುತ್ತಾರೆ. ಸರಿಯಾದದ್ದು ಗೊತ್ತಿರುವುದು ಇಬ್ಬರಿಗೆ. ಒಬ್ಬರು ಅಪ್ಪ. ಅವರು ಲೋಕದ ಎಲ್ಲ ವಿಷಯಕ್ಕೂ ಬಾಯಿ ಹಾಕುತ್ತಾರೆ, ಇದೊಂದನ್ನು ಬಿಟ್ಟು. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಅಪ್ಪ ತಾಳಮದ್ದಲೆಯ ಅರ್ಥಧಾರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದೂ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುತ್ತಾರೆ. ಬಾಯಿಪಾಠವಿಲ್ಲ, ರಿಹರ್ಸಲ್ ಇಲ್ಲ. ಎದುರಿನವನು ಮುಂದೆ ಏನು ಹೇಳುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಅಪ್ಪ ಠಾಣೆಯ ಒಂದು ಕಂಪೆನಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಆದರೆ ಅದು ಹೊಟ್ಟೆಪಾಡಿಗೆ ಅಷ್ಟೆ. ಉಳಿದ ಹೊತ್ತೆಲ್ಲ ವಾದ. ಬೆಳಗಿನ ಲೋಕಲ್ಲಿನಲ್ಲಿ ಮೂವರು ಕೂರುವ ಸೀಟಿಗೆ ನಾಲ್ಕನೆಯವರಾಗಿ ಸೇರಿಕೊಳ್ಳುವಾಗ ಶುರುವಾದ ವಾದ, ಮುಂಬ್ರಾ ಬರುವಷ್ಟರಲ್ಲಿ ಉಳಿದ ಮೂವರೂ ಎದ್ದು ನಿಲ್ಲುವಲ್ಲಿಗೆ ಮುಗಿಯುತ್ತಿತ್ತಂತೆ. ಇದು ಅಮ್ಮ ಹೇಳುವ ಮಾತು, ಸ್ವಲ್ಪ ಉಪ್ಪುಖಾರ ಸೇರಿರಬಹುದು.

ನಾನು ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮದುವೆಯಾಗಿ ಘಣಸೋಲಿಗೆ ಹೋದ ಮೇಲೂ ತಿಂಗಳಿಗೊಂದು ಭಾನುವಾರ, ತಾಳಮದ್ದಲೆ ಕೂಟದ ದಿನ, ಡೊಂಬಿವಲಿಗೆ ಬಂದೇ ಬರುತ್ತೇನೆ. ಚಿಕ್ಕಂದಿನಿಂದ ಕೇಳಿ ಕೇಳಿ ಯಾವ ಪದ್ಯ ಎತ್ತಿದರೂ ಅದಕ್ಕೆ ನಾಲ್ಕು ಬಗೆಯ ಅರ್ಥ ಹೇಳಬಲ್ಲೆ. ಆದರೆ ಹೇಳುವುದೆಲ್ಲಿ? ನಮ್ಮ ಸಂಘದಲ್ಲಿ ಹೆಂಗಸರ ಜಾಗ ಹಾಲಿನ ಹಿಂದಿರುವ ಅಡುಗೆಕೋಣೆ. ಅಲ್ಲಿ ಅಮ್ಮನ ದರ್ಬಾರು. ಊರಲ್ಲಿ ಹೆಂಗಸರೇ ಸೇರಿ ಕೂಟ ನಡೆಸಲು ಶುರುಮಾಡಿ ಎಷ್ಟೋ ವರ್ಷವಾಯಿತು. ಊರು ಬಿಟ್ಟು ಬಂದವರು ಮಾತ್ರ ತಾವು ಬಿಟ್ಟ ದಿನ ಊರು ಹೇಗಿತ್ತೋ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ತಾಯಿ, ಹೆಂಡತಿ, ಅಪ್ಸರೆ, ರಾಕ್ಷಸಿ, ಎಲ್ಲರೂ ನಮ್ಮಲ್ಲಿ ಮೀಸೆ ಇರುವವರೇ. ನನಗೆ ಆ ಅರ್ಥಧಾರಿಗಳ ಸಾಲಿನಲ್ಲಿ ಒಂದು ಜಾಗ ಬೇಕಿತ್ತು. ಕೇಳಿದಾಗಲೆಲ್ಲ ಅಪ್ಪ, “ಗೋಳಿಬಜೆ ತಣ್ಣಗಾಗ್ತದೆ ಮಗಾ, ತಗೊಂಡು ಬಾ,” ಎನ್ನುತ್ತಿದ್ದರು. ಊರೆಲ್ಲರ ಜೊತೆ ವಾದಿಸುವ ಮನುಷ್ಯ ನನ್ನ ಜೊತೆ ವಾದಕ್ಕೇ ಇಳಿಯುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಈಚೆಗೆ ಕೂಟಕ್ಕೆ ಜನ ಕಡಿಮೆಯಾಗತೊಡಗಿದರು. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ, ಅವರು ಬರುವುದಿಲ್ಲ. ಬರಬೇಕೆಂದಿರುವವರಿಗೆ ಮೊಣಕಾಲು ನೋವು, ಹಾಲ್ ಇರುವುದು ಎರಡನೇ ಮಾಳಿಗೆಯಲ್ಲಿ. ನಮ್ಮ ಕಾರ್ಯದರ್ಶಿಗಳು ಮೀಟಿಂಗ್ ಕರೆದು, “ಎಂತಾದ್ರೂ ಹೊಸ ಪ್ರಸಂಗ ಬೇಕು ಮಾರಾಯ್ರೆ, ಇಲ್ಲದಿದ್ರೆ ನಾವೇ ಹೇಳಿ ನಾವೇ ಕೇಳ್ಬೇಕಾದೀತು,” ಎಂದರು. ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಟ್ರೇ ಕೆಳಗಿಡುವ ವ್ಯವಧಾನವೂ ಇಲ್ಲದೆ, “ನನ್ನತ್ರ ಒಂದು ಉಂಟು. ರೋಮಿನದ್ದು,” ಎಂದುಬಿಟ್ಟೆ.

ಆ ವಾರವಷ್ಟೇ ಕ್ಲಾಸಿನಲ್ಲಿ ಹೇಳಿದ್ದ ಕತೆ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವರೂ ಎದ್ದು ಕೂತಿದ್ದರು, ಆ ಧೈರ್ಯ ನನಗೆ. ರೋಮ್ ಇನ್ನೂ ಸಾಮ್ರಾಜ್ಯವಾಗಿರದ, ಅಕ್ಕಪಕ್ಕದ ಊರುಗಳ ಜೊತೆ ಜಗಳವಾಡಿಕೊಂಡಿದ್ದ ಕಾಲ. ಅಲ್ಲೊಬ್ಬ ಸೇನಾಪತಿ, ಯುದ್ಧದಲ್ಲಿ ಹುಲಿ, ಬಾಯಿ ಬಿಟ್ಟರೆ ಬೆಂಕಿ. ದೊಡ್ಡ ಪದವಿ ಬೇಕಾದವನು ಬಿಳಿ ಬಟ್ಟೆ ಹೊದ್ದು ಚೌಕದಲ್ಲಿ ನಿಂತು, ಮೈಮೇಲಿನ ಗಾಯ ತೋರಿಸಿ ಜನರ ಹತ್ತಿರ ಮತ ಕೇಳುವುದು ಅಲ್ಲಿಯ ಪದ್ಧತಿ. ಇವನಿಗೆ ಆ ಜನರನ್ನು ಕಂಡರೇ ಆಗದು. ಬರಗಾಲದಲ್ಲಿ ತರಿಸಿದ ಧಾನ್ಯವನ್ನು ಬಡವರಿಗೆ ಸುಮ್ಮನೆ ಹಂಚಬಾರದು, ಮೊದಲು ಅವರು ಹೋರಾಡಿ ಪಡೆದ ಹಕ್ಕುಗಳನ್ನು ಬಿಟ್ಟುಕೊಡಲಿ ಎಂದ. ಜನ ಎದ್ದರು, ವಿಚಾರಣೆಯಾಯಿತು, ಊರಿನಿಂದ ಹೊರಹಾಕಿದರು. ಅವನು ಸಿಟ್ಟಿನಲ್ಲಿ ನೇರ ಶತ್ರುಗಳನ್ನು ಸೇರಿ, ಅವರ ಸೈನ್ಯ ಕಟ್ಟಿಕೊಂಡು ರೋಮಿನ ಬಾಗಿಲಿಗೇ ಬಂದು ಬೀಡುಬಿಟ್ಟ. ಸಭೆಯ ಹಿರಿಯರು ಹೋಗಿ ಬೇಡಿದರು, ಕೇಳಲಿಲ್ಲ. ಪೂಜಾರಿಗಳು ಪೂರ್ತಿ ಉಡುಪಿನಲ್ಲಿ ಹೋದರು, ಅವರನ್ನೂ ಕಳಿಸಿದ. ಕೊನೆಗೆ ಊರಿನ ಹೆಂಗಸರು ಒಟ್ಟಾಗಿ ಅವನ ತಾಯಿಯ ಮನೆಗೆ ಹೋದರು. ತಂದೆಯಿಲ್ಲದ ಮಗನನ್ನು ಒಬ್ಬಳೇ ಸಾಕಿದ ಆ ಮುದುಕಿ ಅವನ ಡೇರೆಗೆ ನಡೆದುಹೋಗಿ ಮಾತಾಡಿದಳು. ಸೈನ್ಯ ಹಿಂದೆ ಹೋಯಿತು. ನಿಮಗೇನು ಬೇಕು ಎಂದು ಸಭೆಯವರು ಕೇಳಿದರೆ ಆ ಹೆಂಗಸರು ಒಡವೆ ಕೇಳಲಿಲ್ಲ, ಹೆಂಗಸರ ಭಾಗ್ಯದೇವತೆಗೆ ಒಂದು ಗುಡಿ ಕೇಳಿದರು.

“ಆ ತಾಯಿಯ ಹೆಸರೆಂತ?” ಎಂದರು ಕಾರ್ಯದರ್ಶಿಗಳು, ಪ್ರಕಟಣೆಯಲ್ಲಿ ಹಾಕಲಿಕ್ಕೆ.

ಒಂದು ಹಳೆಯ ಪುಸ್ತಕದಲ್ಲಿ ಅವಳಿಗೆ ಒಂದು ಹೆಸರು, ಇನ್ನೊಂದರಲ್ಲಿ ಬೇರೆಯೇ ಹೆಸರು. ಒಂದರಲ್ಲಿ ತಾಯಿಗಿರುವ ಹೆಸರು ಇನ್ನೊಂದರಲ್ಲಿ ಸೊಸೆಗೆ. ಅಷ್ಟು ದೊಡ್ಡ ಕೆಲಸ ಮಾಡಿದವಳ ಹೆಸರನ್ನು ಸರಿಯಾಗಿ ಬರೆದಿಟ್ಟುಕೊಳ್ಳಲು ಗಂಡಸರಿಗೆ ಪುರುಸೊತ್ತಾಗಿರಲಿಲ್ಲ. “ತಾಯಿ ಅಂತಲೇ ಹಾಕಿ,” ಎಂದೆ.

ಅಪ್ಪ ಅಷ್ಟು ಹೊತ್ತು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. “ಪ್ರಸಂಗ ಅಡ್ಡಿಯಿಲ್ಲ. ಸೇನಾಪತಿ ನಾನೇ,” ಎಂದರು. ಅದನ್ನು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. “ತಾಯಿಗೆ ನೋಡುವ, ಯಾರಾದರೂ ಸಿಗ್ತಾರೆ.”

“ತಾಯಿ ಅವಳೇ,” ಎಂದು ಅಡುಗೆಕೋಣೆಯಿಂದ ಅಮ್ಮನ ಧ್ವನಿ ಬಂತು. “ಇಲ್ಲದಿದ್ರೆ ಮುಂದಿನ ಕೂಟಕ್ಕೆ ಚಹಾ ನೀವೇ ಮಾಡ್ಕೊಳ್ಳಿ. ಬಜೆಯ ಹಿಟ್ಟೂ ನೀವೇ ಕಲಸಿ.”

ಹಿಟ್ಟು ಕಲಸಲು ಬರುವ ಅರ್ಥಧಾರಿ ನಮ್ಮಲ್ಲಿ ಒಬ್ಬನೂ ಇಲ್ಲ. ಅಪ್ಪ ತಮ್ಮ ಷರತ್ತು ಹೇಳಿದರು: “ಆಯ್ತು. ಒಂದು ಸಲ ಕೂರಲಿ. ನನ್ನ ಸೈನ್ಯ ಹಿಂದೆ ಹೋದರೆ ಪ್ರತಿ ತಿಂಗಳೂ ಅವಳಿಗೊಂದು ಪಾತ್ರ. ಹೋಗದಿದ್ದರೆ ಇನ್ನು ಜನ್ಮದಲ್ಲಿ ಈ ಮಾತು ಎತ್ತಬಾರದು.” ಕಾರ್ಯದರ್ಶಿಗಳು ಅದನ್ನು ಮೀಟಿಂಗಿನ ಪುಸ್ತಕದಲ್ಲಿ ಬರೆದೂಬಿಟ್ಟರು. ನಾನು ಟ್ರೇ ಹಿಡಿದುಕೊಂಡೇ ಒಳಗೆ ಹೋಗಿ ಅಮ್ಮನನ್ನು ತಬ್ಬಿಕೊಂಡೆ. ಚಹಾ ಯಾರಿಗೂ ಸಿಗಲಿಲ್ಲ.

ಪದ್ಯ ಬರೆದದ್ದು ನಾನೇ. ಹನ್ನೊಂದು ಪದ್ಯ, ಮೂರು ವಾರ. ನಮ್ಮ ಭಾಗವತರು ಖಾರಘರದಲ್ಲಿ ಹೋಟೆಲು ನಡೆಸುತ್ತಾರೆ. ಕಾಗದ ಹಿಡಿದು ಅಲ್ಲಿಗೇ ಹೋದೆ. ಅವರು ಗಲ್ಲೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ, ನಡುವೆ “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗುತ್ತ ಗುನುಗಿಕೊಂಡರು. “ಬರೆದದ್ದು ಚಂದ ಉಂಟು. ಆದರೆ ಈ ರೋಮ್ ಅಂತ ಒಂದೇ ಅಕ್ಷರಕ್ಕೆ ನಿಲ್ಲಿಸಿದ್ರೆ ನನ್ನ ತಾಳ ಕುಂಟ್ತದೆ. ರೋಮಾಪುರಿ ಮಾಡುವ.” ಹಾಗೆ ಎರಡೂವರೆ ಸಾವಿರ ವರ್ಷದ ಮೇಲೆ ರೋಮ್ ಖಾರಘರದಲ್ಲಿ ರೋಮಾಪುರಿಯಾಯಿತು, ಅದರ ಸಭೆ ರಾಜಸಭೆಯಾಯಿತು. ಅಲ್ಲಿ ಆಗ ರಾಜನೇ ಇರಲಿಲ್ಲ, ಓಡಿಸಿದ್ದರು ಎಂದು ಹೇಳಿನೋಡಿದೆ. “ರಾಜ ಇಲ್ಲದ ಪ್ರಸಂಗಕ್ಕೆ ಚೆಂಡೆ ಹೇಗೆ ಬಾರಿಸೋದು?” ಎಂದರು. ಕೊನೆಗೆ ನಾನು ಅಸಲು ವಿಷಯಕ್ಕೆ ಬಂದು, ಅಪ್ಪನ ಮಾತು ಅತಿಯಾದರೆ ನಡುವೆ ಮುಂದಿನ ಪದ್ಯ ಎತ್ತಿಬಿಡಿ ಎಂದು ಕೇಳಿಕೊಂಡೆ. ಅರ್ಥಧಾರಿಯನ್ನು ನಿಲ್ಲಿಸುವ ಹಕ್ಕು ಇರುವುದು ಭಾಗವತರಿಗೆ ಮಾತ್ರ. ಅವರು ನನ್ನ ಮುಂದೆ ಒಂದು ಪ್ಲೇಟ್ ಬನ್ಸ್ ಇಟ್ಟರು. “ನಿಮ್ಮ ಅಪ್ಪನ ಮಾತಿನ ನಡುವೆ ಪದ ಎತ್ಲಿಕ್ಕೆ ನನಗೆ ಎರಡು ತಲೆ ಇಲ್ಲಮ್ಮ. ಬನ್ಸ್ ತಿನ್ನಿ.”

ಕೂಟದ ದಿನ ಬೆಳಿಗ್ಗೆ ಅಪ್ಪನ ಮನೆಯಲ್ಲಿ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಪ್ಪ ಪೇಪರಿನ ಹಿಂದಿನಿಂದ ಕೇಳಿದರು.

“ತಾಯಿ ಯುದ್ಧಕ್ಕೆ ಮುಂಚೆ ಮಗನತ್ರ ಬರ್ತಾಳೆ. ಬಂದು, ನಿನ್ನವರ ಮೇಲೆ ಬಾಣ ಬಿಡಬೇಡ ಅಂತಾಳೆ. ಅಷ್ಟೇ ಅಲ್ಲವಾ ಕತೆ?”

“ಹೌದು. ಆಮೇಲೆ ಅವನು ಹಿಂದೆ ಹೋಗ್ತಾನೆ.”

“ಅದು ಯಾರಿಗೆ ಗೊತ್ತು?”

“ಪುಸ್ತಕದಲ್ಲಿ ಉಂಟಲ್ಲ ಅಪ್ಪ.”

“ಹಾಲಿನಲ್ಲಿ ಕೂತವರು ಆ ಪುಸ್ತಕ ಓದಿದ್ದಾರಾ? ಅವರಿಗೆ ಗೊತ್ತಿರುವ ತಾಯಿ ಒಬ್ಬಳೇ. ಹೊಳೆಯ ದಡಕ್ಕೆ ಬಂದವಳು.” ಪೇಪರ್ ಕೆಳಗಿಳಿಯಿತು. ಅಪ್ಪನ ಮುಖದಲ್ಲಿ ಕಳ್ಳನಗು. “ಆ ಮಗ ಪಕ್ಷ ಬಿಟ್ಟನಾ?”

ಬಿಡಲಿಲ್ಲ. ಭಾರತಯುದ್ಧಕ್ಕೆ ಮುನ್ನ ಹೆತ್ತವಳೇ ಬಂದು ಸೆರಗೊಡ್ಡಿದರೂ ಅನ್ನ ಕೊಟ್ಟವನ ಪಕ್ಷ ಬಿಡದ ಆ ಮಗನ ಪಾತ್ರವೇ ಅಪ್ಪನಿಗೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ಹೆಸರು ತಂದುಕೊಟ್ಟದ್ದು. ಆ ಪಾತ್ರದಲ್ಲಿ ಎಷ್ಟು ತಾಯಂದಿರನ್ನು ಅವರು ಅಳಿಸಿ ಕಳಿಸಿದ್ದಾರೋ ಲೆಕ್ಕವಿಲ್ಲ, ಎಲ್ಲ ಮೀಸೆಯ ತಾಯಂದಿರು. ಪುರಾಣವಾದರೆ ಎಂಥ ಮಾತುಗಾರನೂ ಸೋಲಬೇಕಾದಲ್ಲಿ ಸೋಲಲೇಬೇಕು, ಜನರಿಗೆ ಕ್ಲೈಮ್ಯಾಕ್ಸ್ ಗೊತ್ತಿರುತ್ತದೆ, ಬಿಡುವುದಿಲ್ಲ. ನಾನು ಅಷ್ಟೆಲ್ಲ ಇತಿಹಾಸ ಓದಿ ಹುಡುಕಿ ತೆಗೆದದ್ದು ಎಂಥ ಕತೆ? ಕೊನೆ ಯಾರಿಗೂ ಗೊತ್ತಿಲ್ಲದ, ಗೊತ್ತಿದೆ ಅಂದುಕೊಂಡವರಿಗೆ ಮಗನೇ ಗೆಲ್ಲಬೇಕೆನಿಸುವ ಕತೆ. ಕತ್ತಿಗೆ ಸಾಣೆ ಹಿಡಿದು ಅಪ್ಪನ ಕೈಗೇ ಕೊಟ್ಟಿದ್ದೆ.

“ಅಪ್ಪ, ರೋಮ್ ಸುಟ್ಟರೆ ಮುಂದಿನ ಸಾವಿರ ವರ್ಷದ ಇತಿಹಾಸವೇ ಇರುವುದಿಲ್ಲ. ನಾನು ಕ್ಲಾಸಿನಲ್ಲಿ ಏನು ಕಲಿಸಲಿ?”

“ಸಿಲೆಬಸ್ ಕಡಿಮೆ ಆಯ್ತಲ್ಲ,” ಎಂದು ಅಪ್ಪ ಮತ್ತೆ ಪೇಪರಿನ ಹಿಂದೆ ಹೋದರು.

ಆ ದಿನ ಹಾಲ್ ತುಂಬಿತ್ತು. ಅಪ್ಪ ಮಗಳು ಎದುರುಬದುರು ಕೂರುತ್ತಾರೆ ಎಂಬ ಸುದ್ದಿ ಠಾಣೆಯವರೆಗೂ ಹೋಗಿತ್ತು. ಮೊಣಕಾಲು ನೋವಿನವರೆಲ್ಲ ಎರಡು ಮಾಳಿಗೆ ಹತ್ತಿ ಬಂದಿದ್ದರು. ಅಡುಗೆಕೋಣೆಯ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು, ನನ್ನ ಪಾಲಿನ ರೋಮಿನ ಹೆಂಗಸರು. ಕಟ್ಟಡದ ವಾಚ್‌ಮನ್ ವಿಜಯಪುರ ಕಡೆಯವನು; ಗೇಟು ಬಿಟ್ಟು ಬಂದು ಹಿಂದಿನ ಗೋಡೆಗೆ ಒರಗಿದ್ದ. ವೇದಿಕೆಯ ಮೇಲೆ ಅಪ್ಪ ಬಿಳಿ ಪಂಚೆ, ಬಿಳಿ ಜುಬ್ಬದಲ್ಲಿ ಎದೆಯುಬ್ಬಿಸಿ ಕೂತಿದ್ದರು. ನಾನು ಸೀರೆ ಸರಿಮಾಡಿಕೊಂಡು ಎದುರು ಕೂತೆ. ಭಾಗವತರು ರೋಮಾಪುರಿಯ ಮಾತೆಯನ್ನು ಡೇರೆಯ ಬಾಗಿಲಿಗೆ ತಂದು ನಿಲ್ಲಿಸಿದರು.

“ಮಗನೇ, ನೀವು...” ಎಂದು ಶುರುಮಾಡಿದೆ. ಹಾಲ್ ಗೊಳ್ಳೆಂದಿತು. ಹುಟ್ಟಿದಂದಿನಿಂದ ಅಪ್ಪನಿಗೆ ನೀವು ಎಂದ ನಾಲಿಗೆ. ಅದನ್ನು ಗಂಟಲಲ್ಲೇ ನುಂಗಿ, “ಮಗನೇ, ನೀನು” ಎಂದು ಮತ್ತೆ ಹೊರಟೆ. ಆಮೇಲೆ ಚೆನ್ನಾಗಿಯೇ ಹೋಯಿತು. ಹುಟ್ಟಿದ ನೆಲ ಎಂದೆ, ಊರ ದೇವರುಗಳು ಎಂದೆ, ಏನೂ ತಪ್ಪು ಮಾಡದ ಮಕ್ಕಳು ಮುದುಕರು ಎಂದೆ. ಮಾತಿನ ಭರದಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಬೆರಳು ಮಡಚಿದ್ದು ನನಗೇ ತಿಳಿಯಲಿಲ್ಲ. ಎರಡು ದಶಕದ ಪಾಠದ ಚಾಳಿ.

ಅಪ್ಪ ಅದಕ್ಕೇ ಕಾಯುತ್ತಿದ್ದರು. “ಅಮ್ಮಾ,” ಎಂದರು, ಬೆಣ್ಣೆಯಂಥ ಧ್ವನಿಯಲ್ಲಿ. “ಎಷ್ಟೋ ಕಾಲದ ಮೇಲೆ ಮಗನ ಡೇರೆಗೆ ಬಂದ ತಾಯಿ ಮಗನ ಮುಖ ಮುಟ್ಟಿ ನೋಡುತ್ತಾಳೆ ಎಂದುಕೊಂಡಿದ್ದೆ. ನೀನು ಬೆರಳು ಮಡಚಿ ಎಣಿಸುತ್ತಿರುವೆ.”

ಚಪ್ಪಾಳೆ. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡರು. ನಾನು ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿದೆ.

ಮುಂದಿನದು ಶುದ್ಧ ಕಸಾಯಿಖಾನೆ. “ತಾಯ್ನೆಲ ಎಂದೆ. ತಾಯಿಯಾದವಳು ಮಗನನ್ನು ಹೊಸ್ತಿಲ ಆಚೆ ತಳ್ಳಿ ಅಗುಳಿ ಹಾಕುತ್ತಾಳೆಯೇ? ಹಾಕಿದರೆ ಅವಳು ತಾಯಿಯಲ್ಲ. ಹಾಕಿಲ್ಲ ಎನ್ನುವೆಯಾದರೆ ನಾನು ಈ ಡೇರೆಯಲ್ಲಿ ಏಕಿದ್ದೇನೆ? ದೇವರು ಮುನಿದಾರು ಎಂದೆ. ನಿನ್ನೆ ಪೂಜಾರಿಗಳು ಮಡಿಯುಟ್ಟು ಬಂದಿದ್ದರು. ನನ್ನನ್ನು ಗಡಿ ದಾಟಿಸಿದ ದಿನ ಆ ಮಡಿಬಟ್ಟೆ ಯಾವ ಪೆಟ್ಟಿಗೆಯಲ್ಲಿತ್ತು? ಏನೂ ಅರಿಯದ ಜನ ಎಂದೆ. ಅಂಗಿ ಬಿಚ್ಚಿ ಗಾಯ ತೋರಿಸು, ಆಮೇಲೆ ಮತ ಕೊಡುವ ಎಂದವರು ಅವರೇ ಅಲ್ಲವೇ? ಊರಿಗಾಗಿ ತಿಂದ ಪೆಟ್ಟನ್ನು ಸಂತೆಯಲ್ಲಿ ಹರವಿ ಮಾರಬೇಕಿತ್ತೇ ನಾನು?” ಪ್ರತಿ ಪ್ರಶ್ನೆಗೂ ಚಪ್ಪಾಳೆ. ಆಮೇಲೆ ಧ್ವನಿ ತಗ್ಗಿಸಿದರು. ಅಪ್ಪ ಧ್ವನಿ ತಗ್ಗಿಸಿದರೆ ಎದುರಿನವರ ಕತೆ ಮುಗಿಯಿತೆಂದು ನಮಗೆಲ್ಲ ಗೊತ್ತು. “ಕೊಟ್ಟ ಮಾತಿಗೆ ತಪ್ಪಬಾರದು ಎಂದು ಕಲಿಸಿದವಳು ನೀನು. ದಿಕ್ಕಿಲ್ಲದ ನನಗೆ ದಿಕ್ಕಾದವರಿಗೆ ಮಾತು ಕೊಟ್ಟಿದ್ದೇನೆ, ತಾಯೇ. ಅದನ್ನು ಮುರಿ ಎಂದು ಹೇಳಲು ನೀನೇ ಬಂದೆಯಾ?”

ಹಾಲ್ ಹುಚ್ಚೆದ್ದಿತು. ಅದು ಹೊಳೆಯ ದಡದ ಮಗನ ಮಾತು, ಎಲ್ಲರಿಗೂ ಬಾಯಿಗೆ ಬರುವ ಮಾತು. ರೋಮಿನ ಮೇಲೆ ಅವರಿಗ್ಯಾರಿಗೂ ಮಮತೆ ಉಳಿದಿರಲಿಲ್ಲ. ಹಿಂದಿನ ಗೋಡೆಯಿಂದ ಮಾತ್ರ ವಾಚ್‌ಮನ್ ಕೂಗಿದ: “ಅಲ್ರೀ, ಅವ್ವ ಬಂದು ಬಾಗಿಲದಾಗ ನಿಂತಾಳ, ಇಂವ ಏನ್ ವಕೀಲಕಿ ಹಚ್ಯಾನ್ರೀ?” ಜನ ನಕ್ಕರು. ಅಪ್ಪ ನಗಲಿಲ್ಲ.

ಭಾಗವತರು ನನ್ನ ಮುಂದಿನ ಪದ್ಯ ಹಾಡಿದರು. ನಾನೇ ಬರೆದ ಪದ್ಯ, ಮೂರು ವಾರದಲ್ಲಿ ಅದಕ್ಕೇ ನಾಲ್ಕು ದಿನ ಹಿಡಿದಿತ್ತು. ಪದ್ಯ ನಿಂತಿತು, ಮದ್ದಲೆ ನಿಂತಿತು. ಎಲ್ಲರೂ ನನ್ನ ಬಾಯಿ ನೋಡಿದರು.

ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಇದನ್ನೇ ಸಂಘದವರು ತಪ್ಪಾಗಿ ಹೇಳುವುದು. ಅವಳು ಬೇಕೆಂದೇ ಮೌನ ತಾಳಿದಳು, ಎಂಥ ಉಪಾಯ, ಎಂಥ ತಪಸ್ಸು ಎನ್ನುತ್ತಾರೆ. ಉಪಾಯವೂ ಇಲ್ಲ, ಸುಡುಗಾಡೂ ಇಲ್ಲ. ಮಾತು ಮರೆತುಹೋಗಿತ್ತು. ಹಾಲಿನ ಟ್ಯೂಬ್‌ಲೈಟ್, ಕಾರ್ಯದರ್ಶಿಗಳ ಕನ್ನಡಕ, ಬಾಗಿಲಲ್ಲಿ ಸೌಟು ಹಿಡಿದ ಅಮ್ಮ, ಎಲ್ಲ ಕಾಣುತ್ತಿತ್ತು. ಒಂದು ಶಬ್ದವೂ ಬರಲಿಲ್ಲ. ಇಷ್ಟು ವರ್ಷ ಬೇಡಿ ಪಡೆದ ಜಾಗದಲ್ಲಿ ಕೂತು ಅದನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಮಾತ್ರ ಗೊತ್ತಾಗುತ್ತಿತ್ತು. ಮದ್ದಲೆಯವರು ಮೆಲ್ಲಗೆ ಎರಡು ಪೆಟ್ಟು ಹಾಕಿದರು, ಹೊತ್ತು ತುಂಬಲು. ನನಗೆ ಅಳು ಬಂತು.

ಅರ್ಥಧಾರಿ ಸುಮ್ಮನಾದರೆ ಸೋತಂತೆ. ಅಪ್ಪ ಭಾಗವತರ ಕಡೆ ನೋಡಿ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

“ಸುಮ್ಮನಿರುವೆಯಾ, ಅಮ್ಮಾ?” ಎಂದರು. “ನಿನ್ನ ಮಾತು ನನಗೆ ಕೇಳಿಸದು ಎಂದುಕೊಂಡೆಯಾ? ನೀನು ಏನೆನ್ನುವೆ ಎಂದು ಬಲ್ಲೆ. ‘ಮಗನೇ, ಈ ಗೋಡೆಯನ್ನು ಒಡೆಯಲು ಬಂದಿರುವೆ. ಮೊದಲ ಹೆಜ್ಜೆ ಇಡುವಾಗ ನೀನು ಹಿಡಿದುಕೊಂಡು ನಿಂತದ್ದು ಇದೇ ಊರಿನ ಒಂದು ಗೋಡೆಯನ್ನು’ ಎನ್ನುವೆ. ಎನ್ನು. ಆ ಗೋಡೆಯೇ ನನ್ನನ್ನು ಹೊರಗಿಟ್ಟಿತು ಎಂದು ನಾನು ಹೇಳುತ್ತೇನೆ.”

ಎದುರಾಳಿಯ ಮಾತನ್ನು ಮೊದಲೇ ತಾನು ಹೇಳಿ ಕತ್ತರಿಸುವುದು ಹಳೆಯ ಪಟ್ಟು. ಜನ ಅದನ್ನೇ ಅಂದುಕೊಂಡು ಮುಂದಕ್ಕೆ ಬಾಗಿದರು. ಆದರೆ ಅಪ್ಪ ಕತ್ತರಿಸಲಿಲ್ಲ.

“ಆಗ ನೀನು ಕೇಳುವೆ: ‘ಹೊರಗಿಟ್ಟದ್ದು ಗೋಡೆಯೋ, ನಿನ್ನ ನಾಲಿಗೆಯೋ? ನಿನಗೆ ಮಾತಾಡಲು ಕಲಿಸಿದವಳು ನಾನು. ನಿಲ್ಲಿಸಲು ಕಲಿಸುವುದನ್ನು ಮರೆತೆ. ಆ ತಪ್ಪು ನನ್ನದು, ಊರಿನದಲ್ಲ. ಸುಡುವುದಾದರೆ ನನ್ನಿಂದ ಶುರುಮಾಡು.’” ಅಪ್ಪ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. “ಇಷ್ಟು ಹೇಳಿ ನೀನು ನನ್ನ ಮುಖ ನೋಡುವೆ. ಈಗ ನೋಡುತ್ತಿರುವ ಹಾಗೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ತಾಯೇ.”

“ಯಾರಲ್ಲಿ?” ಎಂದರು ಅಪ್ಪ. “ಡೇರೆ ಕೀಳಿ. ಸೈನ್ಯ ಹಿಂದೆ ಸರಿಯಲಿ.”

ಭಾಗವತರು ಒಂದು ಕ್ಷಣವೂ ತಡಮಾಡಲಿಲ್ಲ. ಅಪ್ಪ ಮನಸ್ಸು ಬದಲಿಸುವ ಮೊದಲೇ ನನ್ನ ಹನ್ನೊಂದನೆಯ ಪದ್ಯ ಹಿಡಿದು, ಅದರ ಬೆನ್ನಿಗೇ ಮಂಗಳ ಹಾಡಿ ಮುಗಿಸಿಬಿಟ್ಟರು.

ಆಮೇಲೆ ಗದ್ದಲ. ಗೆದ್ದವರು ಯಾರು? ಮಾತೇ ಆಡದವಳು ಗೆದ್ದದ್ದು ಹೇಗೆ ಎಂದು ಒಬ್ಬರು. ಇವರನ್ನು ಸೋಲಿಸಲು ಇವರಿಂದಲೇ ಆಗುವುದು, ಅದನ್ನು ಕಂಡುಹಿಡಿದವಳು ಅವಳು ಎಂದು ಇನ್ನೊಬ್ಬರು. ಕಾರ್ಯದರ್ಶಿಗಳು ಮೀಟಿಂಗಿನ ಪುಸ್ತಕ ತಂದು ಷರತ್ತನ್ನು ಗಟ್ಟಿಯಾಗಿ ಓದಿದರು: ಸೈನ್ಯ ಹಿಂದೆ ಹೋದರೆ. ಹೋಯಿತೋ ಇಲ್ಲವೋ? ಹೋಯಿತು. ಮುಂದಿನ ತಿಂಗಳ ಪಟ್ಟಿಯಲ್ಲಿ ನನ್ನನ್ನು ಸೇರಿಸಿದರು. ಹೆಂಗಸರು ಬಜೆಯ ಕೈಯಲ್ಲೇ ನನ್ನ ಬೆನ್ನು ತಟ್ಟಿ ರವಿಕೆ ಹಾಳುಮಾಡಿದರು. ವಾಚ್‌ಮನ್ ಚಹಾ ಹೀರುತ್ತ, “ಹಿಂಗಿರಬೇಕ್ರೀ ಮಗಾ ಅಂದ್ರ,” ಎಂದು ಅಪ್ಪನಿಗೆ ಶಹಬ್ಬಾಸ್ ಕೊಟ್ಟ. ಅಪ್ಪ ಒಂದು ಮೂಲೆಯಲ್ಲಿ ಕೂತು ಬಜೆ ತಿನ್ನುತ್ತಿದ್ದರು, ಯಾರ ಜೊತೆಗೂ ವಾದಿಸದೆ.

ನನಗೆ ಬೇಕಾದದ್ದು ಸಿಕ್ಕಿತ್ತು, ಆದರೆ ಅದು ಕದ್ದ ಮಾಲು. ಸಂಜೆ ಅಪ್ಪ ನನ್ನನ್ನು ರೈಲು ಹತ್ತಿಸಲು ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ ತಡೆಯಲಾಗಲಿಲ್ಲ.

“ಅಪ್ಪ, ಅದು ಉಪಾಯ ಅಲ್ಲ. ನನಗೆ ಮಾತು ಮರೆತುಹೋಗಿತ್ತು.”

“ಗೊತ್ತು.”

“ಹೇಗೆ?”

“ಹೆಬ್ಬೆರಳು ಮುಷ್ಟಿಯೊಳಗೆ ಹಾಕ್ಕೊಂಡಿದ್ದೆಯಲ್ಲ. ಒಂದನೇ ಕ್ಲಾಸಲ್ಲಿ ಮಗ್ಗಿ ಮರೆತಾಗಲೂ ಹಾಗೇ ಮಾಡ್ತಿದ್ದೆ. ಏಳರ ಮಗ್ಗಿ.”

“ನಾನು ನಾಳೆ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಹೇಳ್ತೇನೆ. ಆ ಜಾಗ ನನ್ನದಲ್ಲ. ಮಾತೆಲ್ಲ ನೀವೇ ಆಡಿದ್ದು.”

ಅಪ್ಪ ಕಲ್ಯಾಣದ ಕಡೆಯಿಂದ ಬರುವ ಗಾಡಿಯ ದೀಪ ಕಾಣುತ್ತದೆಯೋ ಎಂದು ಕುತ್ತಿಗೆ ಚಾಚಿದರು. “ಫೋನ್ ಗೀನ್ ಮಾಡಬೇಡ. ಮಗ ತಾಯಿಗೆ ಮಾತು ಹೇಳಿಕೊಡಬಾರದು ಅಂತ ನಿನ್ನ ಯಾವ ಪುಸ್ತಕದಲ್ಲಿ ಉಂಟು?”

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಗಾಡಿ ಬಂದು ನಿಂತಾಗ ಎದ್ದು ನನ್ನ ಚೀಲ ಕೊಟ್ಟು ಹೇಳಿದರು: “ಮುಂದಿನ ತಿಂಗಳು ನಾನು ನಿನ್ನ ಮಗ ಅಲ್ಲ. ನೆನಪಿಟ್ಟುಕೋ. ಓದಿಕೊಂಡು ಬಾ.”

ಲೇಡೀಸ್ ಡಬ್ಬಿಯಲ್ಲಿ ಕೂತವಳೇ ಅಳತೊಡಗಿದೆ. ಕೋಪರ್ ಹೋಯಿತು, ದಿವಾ ಬಂತು, ಅಳು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ಸೊಪ್ಪು ಸೋಸುತ್ತಿದ್ದವಳು, ಕೈ ನಿಲ್ಲಿಸಿ ಏನಾಯಿತು ತಾಯಿ ಎಂದು ಮರಾಠಿಯಲ್ಲಿ ಕೇಳಿದಳು. ಮಗ ಸಿಟ್ಟು ಮಾಡಿಕೊಂಡು ಯುದ್ಧಕ್ಕೆ ಹೊರಟಿದ್ದ, ನನಗಾಗಿ ಹಿಂದೆ ಬಂದುಬಿಟ್ಟ ಎಂದೆ. ಅವಳ ಕಣ್ಣೂ ತುಂಬಿತು. ದೇವರು ದೊಡ್ಡವನು ಎಂದು ನನ್ನ ಬೆನ್ನು ಸವರಿ, ಎಷ್ಟು ವಯಸ್ಸು ಮಗನಿಗೆ ಎಂದು ಕೇಳಿದಳು.

ಎಪ್ಪತ್ತಾರು ಎಂದೆ. ಅವಳು ಸೊಪ್ಪಿನ ಚೀಲ ಎತ್ತಿಕೊಂಡು ಮೆಲ್ಲಗೆ ಕಿಟಕಿಯ ಕಡೆಗೆ ಸರಿದು ಕೂತಳು.